ನೀಲಕ್ಕನ ಪಾಳಿ

ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಕೆಮ್ಮುವವರು ಒಬ್ಬರೇ. ಜ್ವರ ಬಂದರೂ ಒಬ್ಬರಿಗೇ, ನೆಗಡಿಯಾದರೂ ಒಬ್ಬರಿಗೇ. ಉಳಿದವರು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುತ್ತಾರೆ. ಇದಕ್ಕೆ ನಾವು ಪಾಳಿ ಎನ್ನುತ್ತೇವೆ. ಅಮಾವಾಸ್ಯೆಯ ಸಂಜೆ ಪಾಳಿಯವರು ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ, ತಾವೊಂದು ಗುಟುಕು ಕುಡಿದು, ಪಕ್ಕದ ಮನೆಯವರ ಕೈಗೆ ಕೊಡುತ್ತಾರೆ. ಅವರು ಉಳಿದದ್ದನ್ನು ಕುಡಿದರೆ ಓಣಿಯ ಕಾಯಿಲೆಯೆಲ್ಲ ಅವರದಾಯಿತು. ಮುರಿದ ಕಾಲು, ಹೆರಿಗೆಯ ನೋವು, ಮುಪ್ಪು, ಇವು ಮಾತ್ರ ಅವರವರ ಪಾಲಿಗೆ. ಗಾಳಿಯಿಂದ, ನೀರಿನಿಂದ ಬಂದದ್ದಕ್ಕಷ್ಟೇ ಪಾಳಿ.

ಪಾಳಿಗೆ ಕೆಲವು ಕಟ್ಟುಪಾಡುಗಳಿವೆ. ತಂಬಿಗೆಯನ್ನು ಯಾರೂ ಕೇಳಿ ಪಡೆಯುವಂತಿಲ್ಲ, ಕೊಟ್ಟಾಗ ಬೇಡವೆನ್ನುವಂತಿಲ್ಲ. ಪಾಳಿ ಇದ್ದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಓಣಿಯವರೇ ಊಟ ತಂದು ಕೊಡಬೇಕು. ಬಾಡಿಗೆಗೆ ಇರುವವರಿಗೆ ಪಾಳಿ ಇಲ್ಲ. ಅವರು ಅತಿಥಿಗಳಿದ್ದ ಹಾಗೆ, ಅವರ ಕಾಯಿಲೆಯನ್ನೂ ನಾವೇ ಹೊರುತ್ತೇವೆ, ಹೊರುತ್ತಿದ್ದೇವೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಮೊದಲೆಲ್ಲ ಪಾಳಿ ಎಂದರೆ ಒಂದು ನಮೂನೆಯ ರಜೆ. ನಾಲ್ಕು ಸೀನು, ಒಂದಿಷ್ಟು ಮೈಬಿಸಿ, ಕುಳಿತಲ್ಲಿಗೆ ಊಟ. ನನ್ನ ಹೆಂಡತಿ ಇಂದ್ರವ್ವ ತನ್ನ ಪಾಳಿ ದೀಪಾವಳಿಯ ಹೊತ್ತಿಗೇ ಬರಲಿ ಎಂದು ಹರಕೆ ಹೊರುತ್ತಿದ್ದಳು, ಹೋಳಿಗೆ ಮಾಡುವುದು ತಪ್ಪಲಿ ಎಂದು.

ನಾನು ಅಡಿವೆಪ್ಪ. ಮದುವೆಗೆ, ಭಜನೆಗೆ, ಸಭೆಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತೇನೆ. ಬೇರೆಯವರು ಹೇಗೆ ಮಾತಾಡುತ್ತಾರೆಂದು ಕಿವಿ ನಿಮಿರಿಸಿ ಕೇಳುವುದು ನನ್ನ ಕಸುಬು. ಚಟವೂ ಅದೇ. ನೀಲಗಂಗವ್ವ ನನ್ನ ಒಡಹುಟ್ಟಿದ ಅಕ್ಕ, ಓಣಿಗೆಲ್ಲ ನೀಲಕ್ಕ. ಭಾವ ತೀರಿಹೋದ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಬದುಕಿದವಳು. ನಸುಕಿನಲ್ಲಿ ಅವಳ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂದರೆ ನಮ್ಮ ಓಣಿಗೆ ಬೆಳಗಾದಂತೆ. ಗಡಿಯಾರ ನೋಡುವ ರೂಢಿಯೇ ನಮಗಿರಲಿಲ್ಲ.

ಹೀಗಿರುವಾಗ ಊರ ಮಗ್ಗುಲಿಗೆ ಹಳೇ ಟೈರು ಸುಟ್ಟು ಎಣ್ಣೆ ತೆಗೆಯುವ ಕಾರ್ಖಾನೆ ಬಂತು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೆ ಕಾಡಿಗೆ ಉದುರಿದಂತೆ ಕರಿ ಉದುರತೊಡಗಿತು. ಮುಂಜಾನೆ ಹಾಕಿದ ಬಿಳಿ ಧೋತರ ಸಂಜೆಗೆ ಬೂದಿಬಣ್ಣವಾಗುತ್ತಿತ್ತು. ಮೂಗು ಒರೆಸಿದ ಬಟ್ಟೆಯನ್ನು ನಾವು ಒಬ್ಬರಿಗೊಬ್ಬರು ತೋರಿಸಿಕೊಂಡು ಆಶ್ಚರ್ಯಪಟ್ಟೆವು. ಆದರೆ ಯಾರಿಗೂ ಏನೂ ಆಗಲಿಲ್ಲ, ಪಾಳಿ ಇದ್ದವರನ್ನು ಬಿಟ್ಟು. ಪಾಳಿಯಿಂದ ಪಾಳಿಗೆ ಕೆಮ್ಮು ಭಾರವಾಗುತ್ತ ಹೋಯಿತು. ಇಂದ್ರವ್ವ ತನ್ನ ಪಾಳಿ ಮುಗಿಸಿ ತಂಬಿಗೆ ಕೊಟ್ಟ ಸಂಜೆ ಬಾಗಿಲಲ್ಲೇ ಕುಸಿದು ಕುಳಿತಳು. ಹರಕೆ ಹೊರುವುದನ್ನು ಆವತ್ತಿಗೇ ಬಿಟ್ಟಳು.

ತಂಬಿಗೆ ನೀಲಕ್ಕನ ಮನೆಗೆ ಬಂತು. ಅವಳ ನಂತರ ಬಳೆ ಅಂಗಡಿಯ ಹುಸೇನಬಿಯ ಮನೆ. ಅಮಾವಾಸ್ಯೆಯ ಸಂಜೆ ಹುಸೇನಬಿ ತಲೆಯ ಮೇಲೆ ಸೆರಗು ಹೊದ್ದು, ಕೈ ತೊಳೆದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ನೀಲಕ್ಕ ಗೋಡೆ ಹಿಡಿದುಕೊಂಡು ತಂಬಿಗೆ ತಂದಳು. ಹುಸೇನಬಿಯ ಮುಖವನ್ನೊಮ್ಮೆ ನೋಡಿದಳು. ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದುಬಿಟ್ಟಳು.

"ಇದು ಇನ್ನೊಬ್ಬರಿಗೆ ಕೊಡೋವಂಥಾದ್ದಲ್ಲ ಹುಸೇನಬಿ. ಭಾಳ ಭಾರ ಐತಿ. ನನ್ನ ಕಡೇನ ಇರಲಿ," ಎಂದು ತಿರುಗಿ ಒಳಗೆ ಹೋದಳು.

ಮುಂದಿನ ಅಮಾವಾಸ್ಯೆಗೂ ಹಾಗೆಯೇ ಮಾಡಿದಳು, ಅದರ ಮುಂದಿನದಕ್ಕೂ. ಕೊಡುವವಳು ಕೊಡದಿದ್ದರೆ ನಾವೇನು ಮಾಡಬೇಕು? ಕೇಳುವಂತಿಲ್ಲವಲ್ಲ. ಅಕ್ಕ ಬಡಕಲಾಗುತ್ತ ಹೋದಳು. ಅವಳ ಒಲೆಯ ಮೇಲಿನ ಹಂಚಿಗೆ ಜೇಡ ಬಲೆ ಕಟ್ಟಿತು. ದವಾಖಾನೆಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೀಗೇ ನಡೆದರೆ ಪುಪ್ಪುಸ ಬಹಳ ಕಾಲ ತಾಳುವುದಿಲ್ಲ ಎಂದರು. ನನಗೆ ಮೊದಲು ಹೆದರಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಅಕ್ಕನ ಮೇಲೋ, ಕಾರ್ಖಾನೆಯ ಮೇಲೋ, ಗುಂಡುಕಲ್ಲಿನಂತಿದ್ದ ನನ್ನ ಎದೆಯ ಮೇಲೋ ಗೊತ್ತಾಗಲಿಲ್ಲ.

ಓಣಿಯ ಪಂಚಾಕ್ಷರಿ ಮಾಸ್ತರು ನಿವೃತ್ತರಾದ ಮೇಲೂ ಸರಕಾರಿ ಕಚೇರಿಗಳ ಮೇಲೆ ನಂಬಿಕೆ ಇಟ್ಟುಕೊಂಡವರು. ಅವರನ್ನು ಕರೆದುಕೊಂಡು ಜಿಲ್ಲಾ ಕಚೇರಿಗೆ ಹೋದೆ. ಗುಮಾಸ್ತರು ಮರ್ಯಾದಸ್ತರು, ಕೂರಲು ಹೇಳಿ, ಹೊಗೆಯಿಂದ ಎಷ್ಟು ಮಂದಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿದರು. ಮಾಸ್ತರು ಸುಳ್ಳು ಹೇಳುವವರಲ್ಲ. ಒಬ್ಬರು ಎಂದರು. ಓಣಿಯಲ್ಲಿ ಮನೆಗಳೆಷ್ಟು ಎಂದು ಕೇಳಿದ ಗುಮಾಸ್ತರು ಅದನ್ನೂ ತಿಳಿದುಕೊಂಡು, ನಮ್ಮಿಬ್ಬರ ಮುಖವನ್ನು ಕನಿಕರದಿಂದ ನೋಡಿದರು. ಪಾಳಿಯ ವಿಷಯ ಹೇಳಲು ಹೋದೆ. ಅವರು, ತಪಾಸಣೆಗೆ ಜನ ಕಳಿಸುತ್ತೇವೆ ಎಂದು ಲೇಖನಿಯ ಮುಚ್ಚಳ ಹಾಕಿದರು.

ಆದರೂ ಮಾತಿಗೆ ತಪ್ಪದೆ ಆರೋಗ್ಯ ಇಲಾಖೆಯವರನ್ನು ತಪಾಸಣೆಗೆ ಕಳಿಸಿದರು. ಇಲ್ಲಿಯೇ ನಾವು ದಡ್ಡತನ ಮಾಡಿದ್ದು. ಸಾಹೇಬರು ಬರುತ್ತಾರೆಂದು ಓಣಿಯೆಲ್ಲ ಗುಡಿಸಿ ತೊಳೆದೆವು. ಮಾಳಿಗೆಯ ಕರಿಯನ್ನೆಲ್ಲ ಬಳಿದು ಹೊರಗೆ ಚೆಲ್ಲಿದೆವು. ಬಾಗಿಲಿಗೆ ರಂಗೋಲಿ, ಮಕ್ಕಳಿಗೆ ಹಬ್ಬದ ಅಂಗಿ, ಬಂದವರಿಗೆ ಚಹಾ, ಚುರುಮುರಿ. ಅವರು ಒಬ್ಬೊಬ್ಬರ ಎದೆಗೂ ನಳಿಕೆ ಇಟ್ಟು ಕೇಳಿ ದಂಗಾದರು. ಇಂಥ ಎದೆಗಳನ್ನು ಜಿಲ್ಲೆಯಲ್ಲಿ ಎಲ್ಲಿಯೂ ಕಂಡಿಲ್ಲವೆಂದರು. ನೀಲಕ್ಕನನ್ನು ನೋಡಿ, ಮುದುಕಿ ಜೀವಮಾನವೆಲ್ಲ ಒಲೆಯ ಮುಂದೆ ಕೂತು ಹೊಗೆ ಕುಡಿದಿದ್ದಾಳೆ, ಅದಕ್ಕೇ ಹೀಗೆ ಎಂದು ಔಷಧಿಯ ಬಾಟಲಿ ಕೊಟ್ಟರು. ಕೆಲ ದಿನಗಳಲ್ಲಿ ನಮಗೊಂದು ಫಲಕ ಬಂತು, ಆರೋಗ್ಯವಂತ ಓಣಿ ಎಂದು. ಕಾರ್ಖಾನೆಯವರು ಅದರ ಫೋಟೋ ತೆಗೆಸಿ ತಮ್ಮ ಗೇಟಿಗೆ ಹಾಕಿಕೊಂಡರು.

ನನಗೆ ಪಾರಾಗುವ ದಾರಿಯ ಸುಳಿವು ಸಿಕ್ಕಿದ್ದು ಅಕಸ್ಮಾತ್ತಾಗಿ. ಓಣಿಯಲ್ಲೊಂದು ಸೀಮಂತವಿತ್ತು. ನೀಲಕ್ಕನ ಮನೆಯ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಮೈಕ್ ಸರಿಮಾಡುತ್ತಿದ್ದೆ. ಒಳಗಿನಿಂದ ಅಕ್ಕ ಕೆಮ್ಮಿದಳು. ಕೆಮ್ಮು ಮೈಕಿಗೆ ಹೋಗಿ ಬೇವಿನ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಹೊರಗೆ ಬಂತು. ಬಂದದ್ದು ಒಂದು ಕೆಮ್ಮಲ್ಲ. ಹಾರ್ನು ಒಡೆದಿರಬೇಕೆಂದು ಗಿಡ ಹತ್ತಿ ನೋಡಿದೆ, ಸರಿಯಾಗಿಯೇ ಇತ್ತು. ಇಳಿದು ಬಂದು ಮೈಕನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದೆ. ಅವಳು ನನಗೆ ಹುಚ್ಚು ಹಿಡಿದಿದೆ ಎಂಬಂತೆ ನೋಡುತ್ತ ಮತ್ತೆ ಕೆಮ್ಮಿದಳು. ಈ ಸಲ ಸ್ಪಷ್ಟವಾಗಿ ಕೇಳಿಸಿತು. ಮಾಸ್ತರು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು ಅದರಲ್ಲಿತ್ತು. ಹುಸೇನಬಿಯ ಸಣ್ಣ ದನಿ ಇತ್ತು. ಇಂದ್ರವ್ವ ಬೈಯುವಾಗ ಎಳೆಯುವ ರಾಗವೂ ಇತ್ತು. ಸೀಮಂತಕ್ಕೆ ಬಂದವರೆಲ್ಲ ಆರತಿ ತಟ್ಟೆ ಹಿಡಿದುಕೊಂಡೇ ಓಡಿ ಬಂದರು.

ಮಾಸ್ತರು ಹಾರ್ನಿನ ಕೆಳಗೆ ಬಂದು ನಿಂತರು. ಕೆಮ್ಮು ಹಾಲುನೀರಿನಂತೆ ಬೆರೆತುಹೋಗಿಲ್ಲ, ಬುಟ್ಟಿಯಲ್ಲಿ ಕಾಯಿಪಲ್ಲೆ ಇಟ್ಟ ಹಾಗೆ ಬೇರೆಬೇರೆಯಾಗಿಯೇ ಇದೆ, ಬೇರೆ ಇದ್ದದ್ದನ್ನು ಅವರವರಿಗೆ ತಿರುಗಿ ಕೊಡಲು ಬರಬೇಕು ಎಂದರು. ಇಷ್ಟು ತಲೆಮಾರು ಈ ಸಣ್ಣ ವಿಚಾರ ಯಾರ ತಲೆಗೂ ಹೊಳೆದಿರಲಿಲ್ಲವೆಂದು ನಮಗೆ ಸೋಜಿಗವಾಯಿತು. ಹೊಳೆಯುವ ಅಗತ್ಯವಾದರೂ ಏನಿತ್ತು ಹೇಳಿ.

ಅಷ್ಟರಲ್ಲಿ ಕಾರ್ಖಾನೆಯವರು ಇನ್ನೊಂದು ಭಟ್ಟಿ ಹಾಕಲು ಅರ್ಜಿ ಕೊಟ್ಟಿದ್ದರು. ಅದರ ಅಹವಾಲು ಸಭೆ ನಮ್ಮೂರ ಸಮುದಾಯ ಭವನದಲ್ಲೇ, ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ಎಂದು ಡಂಗುರವಾಯಿತು. ಮೈಕ್‌ಸೆಟ್ಟು ನನ್ನದೇ. ನಾವೆಲ್ಲ ನೀಲಕ್ಕನ ಹತ್ತಿರ ಹೋದೆವು. ಅವಳು ಹಾಸಿಗೆಯಿಂದಲೇ, ತನ್ನ ಪಾಳಿ ಕಸಿದುಕೊಳ್ಳಲು ಬಂದಿದ್ದೀರಾ ಎಂದು ಗದರಿದಳು. ಹಿಂದೆ ಯಾರೂ ಕೇಳಿರಲಿಲ್ಲ, ನೀವು ಕೇಳಿ ಓಣಿಗೆ ಕೆಟ್ಟ ಹೆಸರು ತರಬೇಡಿ ಎಂದಳು. ಹುಸೇನಬಿ ಕಾಲು ಹಿಡಿದುಕೊಂಡರೂ ಜಗ್ಗಲಿಲ್ಲ. ಕೊನೆಗೆ ನಾನು ಬಾಯಿಬಿಟ್ಟೆ.

"ಅಕ್ಕಾ, ನೀ ಸತ್ರ ಇದೆಲ್ಲಾ ನಿನ್ನ ಕೂಡ ಮಣ್ಣಾಗ ಹೋಗತೈತಿ. ಆಮ್ಯಾಲ ಕಚೇರಿಯವರು ಬಂದು, ಈ ಓಣ್ಯಾಗ ಒಬ್ಬರಿಗೂ ಕೆಮ್ಮಿಲ್ಲ ಅಂತ ಬರಕೊಂಡು ಹೋಗತಾರ. ನಮ್ದು ನಮಗ ಕೊಡು."

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಕಡೆಯಿಂದಲೇ ಮಾತು ಬಂತು.

"ದೊಡ್ಡವರದು ದೊಡ್ಡವರಿಗೆ ಕೊಡತೀನಿ. ಕೂಸುಗಳದು ನನ್ನ ಕಡೆ ಇರಲಿ. ಅದನ್ನ ಮಾತ್ರ ಯಾರೂ ಕೇಳಬ್ಯಾಡ್ರಿ."

ಸಭೆಯ ದಿನ ಅಮಾವಾಸ್ಯೆಯೇ ಬಿದ್ದಿತ್ತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಮಡಿಲಲ್ಲಿ ತಂಬಿಗೆ ಇಟ್ಟುಕೊಂಡಿದ್ದಳು. ವೇದಿಕೆಯ ಮೇಲೆ ಜಿಲ್ಲಾಧಿಕಾರಿ ಮೇಡಂ, ಅವರ ಮಗ್ಗುಲಿಗೆ ಕಾರ್ಖಾನೆಯ ಮ್ಯಾನೇಜರ್ ಉದಯಶಂಕರ್. ಆತ ದಕ್ಷಿಣದ ಕಡೆಯವನು, ನಮ್ಮ ಓಣಿಯಲ್ಲೇ ಬಾಡಿಗೆಗಿದ್ದವನು. ಹೆಂಡತಿ, ಶಾಲೆಗೆ ಹೋಗುವ ಮಗಳು ಧನ್ಯಾ, ಮೂವರೂ ನಮ್ಮೊಡನೆ ಬಾಯಿತುಂಬ ಮಾತಾಡಿಕೊಂಡು ಇದ್ದವರು. ಕೆಟ್ಟವನೆಂದು ನಾನು ಹೇಳಲಾರೆ. ಮೊದಲು ಅವನೇ ಮಾತಾಡಿದ, ಅದೂ ಮನಸ್ಸು ಬಿಚ್ಚಿಯೇ.

"ನಾನೂ ಇದೇ ಬೀದೀಲಿ ಮನೆ ಮಾಡ್ಕೊಂಡಿದೀನಿ ಮೇಡಂ. ನನ್ನ ಮಗಳು ಇಲ್ಲೇ ಹೊರಗಡೆ ಆಡ್ತಾಳೆ. ಇಲ್ಲಿಗೆ ಬಂದಾಗಿನಿಂದ ಅವಳಿಗೆ ಒಂದು ಸೀನೂ ಬಂದಿಲ್ಲ. ಈ ಹೊಗೆ ಅಷ್ಟು ಕೆಟ್ಟದ್ದಾಗಿದ್ರೆ ಮೊದಲು ಹೆದರಬೇಕಾದವನು ನಾನಲ್ವಾ?"

ಮೇಡಂ ತಲೆದೂಗಿ ನಮ್ಮ ಕಡೆ ತಿರುಗಿದರು. ಎಷ್ಟು ಜನರಿಗೆ ತೊಂದರೆಯಾಗಿದೆ ಎಂಬ ಅದೇ ಪ್ರಶ್ನೆ. ಮಾಸ್ತರು ಎದ್ದು ನಿಂತು, ಈಗ ಒಬ್ಬರಿಗೆ, ಸ್ವಲ್ಪ ಹೊತ್ತು ಕಾಯಬೇಕು ಎಂದು ವಿನಯದಿಂದ ಹೇಳಿದರು. ನೀಲಕ್ಕ ತಂಬಿಗೆಯಿಂದ ಒಂದು ಗುಟುಕು ಕುಡಿದು ಮೊದಲು ಹುಸೇನಬಿಗೆ ಕೊಟ್ಟಳು. ಹುಸೇನಬಿ ಮಾಸ್ತರಿಗೆ, ಮಾಸ್ತರು ಇಂದ್ರವ್ವನಿಗೆ. ಹೀಗೆ ಒಬ್ಬೊಬ್ಬರೂ ತಮ್ಮ ಪಾಲಿನ ಒಂದೇ ಗುಟುಕು ಕುಡಿಯುತ್ತ ತಂಬಿಗೆ ಸಾಲುಸಾಲಾಗಿ ಸರಿಯಿತು. ಕುಡಿದವರು ಕುಡಿದ ಹಾಗೆ ಕೆಮ್ಮತೊಡಗಿದರು. ನನ್ನ ಸರದಿ ಬಂತು. ನೀರು ಗಂಟಲಲ್ಲಿ ಇಳಿಯುತ್ತಲೇ ಎದೆಯೊಳಗೆ ಯಾರೋ ಒರಟು ಕಂಬಳಿ ಎಳೆದಂತಾಯಿತು. ಕೆಮ್ಮಿದೆ. ಅದು ಥೇಟು ನಮ್ಮಪ್ಪನ ಕೆಮ್ಮು. ನನ್ನೊಳಗೆ ಅದು ಇತ್ತೆಂದೇ ನನಗೆ ತಿಳಿದಿರಲಿಲ್ಲ.

ಭವನದ ತುಂಬ ಕೆಮ್ಮು. ಆರೋಗ್ಯ ಇಲಾಖೆಯ ಸಾಹೇಬರು ನಳಿಕೆ ಹಿಡಿದುಕೊಂಡು ಯಾರ ಎದೆಗೆ ಇಡಬೇಕೆಂದು ತಿಳಿಯದೆ ಅತ್ತಿತ್ತ ಓಡಾಡಿದರು. ತಾವು ಫಲಕ ಕೊಟ್ಟ ಎದೆಗಳೇ ಇವು ಎಂದು ಅವರಿಗೆ ನಂಬಿಕೆ ಬರಲೊಲ್ಲದು. ಮೇಡಂ ಕುರ್ಚಿಯಿಂದ ಎದ್ದಿದ್ದರು. ಇದೆಲ್ಲ ನಾಟಕವಿರಬಹುದೆಂಬ ಸಂಶಯ ಅವರ ಮುಖದಲ್ಲಿತ್ತು, ಅದು ಸಹಜವೇ. ಆ ಅಜ್ಜಿಗೆ ಮೈಕ್ ಕೊಡಿ, ಅವರೇ ಹೇಳಲಿ ಎಂದರು. ನಾನು ಕೆಮ್ಮುತ್ತಲೇ ಮೈಕನ್ನು ಅಕ್ಕನ ಬಾಯಿಗೆ ಹಿಡಿದೆ. ಅವಳು ಏನೋ ಹೇಳಲು ಹೋದಳು, ಮಾತಿನ ಮುಂಚೆ ಕೆಮ್ಮು ಬಂತು.

ಹಾರ್ನಿನಿಂದ ಮಕ್ಕಳ ಕೆಮ್ಮು ಹೊರಬಿತ್ತು. ಎಪ್ಪತ್ತು ದಾಟಿದ ಹೆಂಗಸಿನ ಬಾಯಿಯಿಂದ ಎಳೆ ಎಳೆ ಕೆಮ್ಮು, ಒಂದರ ಹಿಂದೆ ಒಂದು. ತಾಯಂದಿರು ತಮ್ಮ ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡು ಕೇಳಿದರು. ಎಂದೂ ಕೇಳದ ಸದ್ದಾದರೂ ಪ್ರತಿಯೊಬ್ಬಳಿಗೂ ತನ್ನದು ಯಾವುದೆಂದು ಗುರುತು ಹತ್ತಿತು. ಹುಸೇನಬಿ ಮೊಮ್ಮಗನ ಹೆಸರು ಹಿಡಿದು ಅತ್ತಳು. ನಾನು ಮೈಕನ್ನು ಇನ್ನಷ್ಟು ಹತ್ತಿರ ಹಿಡಿದೆ. ಇಷ್ಟು ದಿನ ಇದನ್ನೆಲ್ಲ ಇವಳು ಒಬ್ಬಳೇ ಹೊತ್ತಿದ್ದಳು.

ಆ ಎಳೆ ಕೆಮ್ಮುಗಳ ನಡುವೆ ದಪ್ಪನೆಯ ಗಂಡಸಿನ ಕೆಮ್ಮೊಂದು ಕೇಳಿಸಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ನಮ್ಮದನ್ನು ನಾವು ತೆಗೆದುಕೊಂಡಾಗಿತ್ತು. ಆದರೆ ಆ ದನಿಯನ್ನು ಅದೇ ಹಾರ್ನಿನಲ್ಲಿ ಈಗಷ್ಟೇ ಕೇಳಿದ್ದೆ. ವೇದಿಕೆಯ ಕಡೆ ನೋಡಿದೆ. ಉದಯಶಂಕರ್‌ನ ಕೈ ತನ್ನ ಗಂಟಲ ಮೇಲಿತ್ತು. ಆತ ಮೆಟ್ಟಿಲಿಳಿದು ಬಂದು ನೀಲಕ್ಕನ ಕುರ್ಚಿಯ ಮುಂದೆ ಕುಕ್ಕರಿಸಿದ.

"ಅಮ್ಮಾ, ಅದು ನಂದಾ?"

"ಹೌದಪಾ. ನೀ ಬಂದಾಗಿಂದ ಐತಿ. ನಿನ್ನ ಮಗಳದೂ ಐತಿ."

"ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ಬಾಡಿಗಿ ಮಂದಿಗೆ ಹೇಳೋ ಪದ್ಧತಿ ಇಲ್ಲ."

ತಂಬಿಗೆಯ ತಳದಲ್ಲಿ ಇನ್ನೊಂದಿಷ್ಟು ನೀರಿತ್ತು. ಆತ ಎರಡೂ ಕೈ ಚಾಚಿದ. ನೀಲಕ್ಕ, ನಿನ್ನದಷ್ಟೇ, ಮಗಳದಲ್ಲ ಎಂದು ಎಚ್ಚರಿಸಿ ಕೊಟ್ಟಳು. ಅವನು ಕುಡಿದು, ಕೆಮ್ಮಿ, ಕೆಮ್ಮು ನಿಂತ ಮೇಲೆ ನನ್ನ ಕೈಯಿಂದ ಮೈಕು ತೆಗೆದುಕೊಂಡ. ಚಿಮಣಿಗೆ ಜಾಲರಿ, ಹೊಗೆ ತೊಳೆಯುವ ಯಂತ್ರ ಎಲ್ಲ ಇದೆ, ಕರೆಂಟಿನ ಖರ್ಚು ಬಹಳವೆಂದು ಸಾಹೇಬರು ಬರುವ ದಿನ ಮಾತ್ರ ಓಡಿಸುತ್ತಿದ್ದೆವು ಎಂದು ಎಲ್ಲರೆದುರು ಹೇಳಿಬಿಟ್ಟ. ಅವನ ಹೆಂಡತಿ ಹಿಂದಿನ ಸಾಲಿನಲ್ಲಿ ಮಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮೇಡಂ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಹೊಸ ಭಟ್ಟಿಯ ಅರ್ಜಿಯನ್ನು ಅಲ್ಲಿಯೇ ತಳ್ಳಿಹಾಕಿದರು. ಹಳೆಯ ಭಟ್ಟಿಯನ್ನು ಆವತ್ತೇ ಆರಿಸಬೇಕು, ಬೇರೆ ಜಿಲ್ಲೆಯಿಂದ ಬಂದ ತಜ್ಞರು ನೋಡಿ ಒಪ್ಪುವ ತನಕ ಹಚ್ಚಕೂಡದು ಎಂದು ಆಜ್ಞೆ ಮಾಡಿದರು.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಒಬ್ಬರೇ ಕೆಮ್ಮುತ್ತಿದ್ದ ಓಣಿಯಲ್ಲಿ ಎಲ್ಲರೂ ಕೆಮ್ಮಿದೆವು. ಗಂಡಂದಿರು ಹೆಂಡಂದಿರ ಸ್ವಂತ ಕೆಮ್ಮನ್ನು ಮೊದಲ ಸಲ ಕೇಳಿ, ಹೌದೇನೆ, ನಿನ್ನದು ಹೀಗೈತೇನು ಎಂದು ಬೆರಗಾದರು. ಕಾರ್ಖಾನೆ ನಿಂತದ್ದಕ್ಕೆ ಕೂಲಿ ಕಳೆದುಕೊಂಡ ಪಕ್ಕದ ಓಣಿಯ ಕೆಲವರು ನಮ್ಮನ್ನು ಬೈದರು. ಅವರ ಸಿಟ್ಟಿನಲ್ಲೂ ನ್ಯಾಯವಿತ್ತು. ಉದಯಶಂಕರ್‌ನನ್ನು ಕಂಪನಿಯವರು ಕೆಲಸದಿಂದ ತೆಗೆದರು. ಆತ ಊರು ಬಿಡದೆ ಬೇರೆ ಕಡೆ ಲೆಕ್ಕಪತ್ರ ನೋಡುವ ಕೆಲಸ ಹಿಡಿದ. ಅವನ ಹೆಂಡತಿಯೂ ಮುಂದಿನ ಅಮಾವಾಸ್ಯೆಗೆ ತನ್ನದನ್ನು ತೆಗೆದುಕೊಂಡಳು. ಅವರ ಮನೆಯಿಂದಲೂ ನೀಲಕ್ಕನಿಗೆ ಊಟ ಬರತೊಡಗಿತು, ಅನ್ನಕ್ಕೆ ಸಾರು ಜಾಸ್ತಿ ಎಂದು ಅಕ್ಕನ ತಕರಾರು.

ಅಕ್ಕನ ಮೈಯಲ್ಲಿ ಈಗ ಉಳಿದಿದ್ದು ಮಕ್ಕಳದ್ದು ಮಾತ್ರ, ಅದು ಮೈಕಿಲ್ಲದೆಯೂ ಒಂದೊಂದೂ ಬೇರೆಯಾಗಿ ಕೇಳುತ್ತಿತ್ತು. ಎದ್ದು ಕೂರುವಷ್ಟು ಚೇತರಿಸಿಕೊಂಡಳು, ಆದರೆ ಪಾಳಿ ಪಾಳಿಯೇ, ಒಲೆ ಹಚ್ಚಲಿಲ್ಲ. ಮಕ್ಕಳಿಗೆ ಇದೊಂದು ಆಟವಾಯಿತು. ಶಾಲೆ ಬಿಟ್ಟೊಡನೆ ಅವಳ ಕಟ್ಟೆಯ ಮೇಲೆ ಸಾಲಾಗಿ ಕೂತು ತಮ್ಮ ತಮ್ಮ ಕೆಮ್ಮಿಗಾಗಿ ಕಾಯುವರು. ಈಗ ಬಂದದ್ದು ನಂದು, ಅಲ್ಲ ನಂದು ಎಂದು ಜಗಳಾಡುವರು. ಗಾಳಿ ತಿಳಿಯಾದಂತೆ ಒಂದೊಂದಾಗಿ ಕೆಮ್ಮು ನಿಲ್ಲುತ್ತ ಬಂತು. ತನ್ನದು ನಿಂತ ಹುಡುಗ ಮುಖ ಸಣ್ಣದು ಮಾಡಿಕೊಂಡು ಆಡಲು ಹೋಗುತ್ತಿದ್ದ. ಕೊನೆಗೆ ಉಳಿದವಳು ಧನ್ಯಾ ಒಬ್ಬಳೇ.

ಆವತ್ತು ಸಂಜೆ ನಾನೂ ಅಲ್ಲೇ ಇದ್ದೆ, ವೈರು ಸುತ್ತುತ್ತ. ಹುಡುಗಿ ಅಕ್ಕನ ಎದೆಗೆ ಕಿವಿಯಿಟ್ಟು ಕಾದಳು. ಅಕ್ಕ ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು. ಏನೂ ಬರಲಿಲ್ಲ.

"ಅಜ್ಜಿ, ನಂದು ಎಲ್ಲಿ ಹೋಯ್ತು?"

"ಹೋತವ್ವಾ. ಇನ್ನ ಬರಂಗಿಲ್ಲ."

ಹೇಳುತ್ತ ಹೇಳುತ್ತ ಅಕ್ಕನ ಕಣ್ಣಿನಿಂದ ನೀರು ಇಳಿಯಿತು. ಅಷ್ಟು ತಿಂಗಳು ಹಾಸಿಗೆಯಲ್ಲಿ ಬಿದ್ದಾಗಲೂ ಅವಳು ಅತ್ತಿರಲಿಲ್ಲ. ನನಗೂ ತಡೆಯಲಾಗಲಿಲ್ಲ, ವೈರಿನ ಸಿಂಬಿಯಲ್ಲೇ ಮುಖ ಮುಚ್ಚಿಕೊಂಡೆ. ಹುಡುಗಿ ನಮ್ಮಿಬ್ಬರನ್ನೂ ನೋಡಿ, ತಾನೇನೋ ತಪ್ಪು ಮಾಡಿದೆನೆಂದು ಗಾಬರಿಯಾದಳು. ಅಕ್ಕ ಅವಳ ತಲೆ ಸವರಿ, ಸೆರಗು ಕಟ್ಟಿ ಒಳಗೆ ಎದ್ದು ಹೋದಳು. ತಂಬಿಗೆಯನ್ನು ತೊಳೆದು ಬೋರಲು ಹಾಕಿದ ಸದ್ದು ಬಂತು. ಹಂಚಿನ ಜೇಡ ಕೊಡವಿದ ಸದ್ದು, ಕಡ್ಡಿ ಗೀರಿದ ಸದ್ದು. ಆಮೇಲೆ ಪಟಪಟನೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಓಣಿಯ ಉದ್ದಕ್ಕೂ ಒಬ್ಬೊಬ್ಬರೇ ಹೊರಗೆ ಬಂದು ಬಾಗಿಲಲ್ಲಿ ನಿಂತರು, ಮುಳುಗುವ ಹೊತ್ತಿನಲ್ಲಿ ಬೆಳಗಾಗಿದೆ ಎಂಬಂತೆ.